ಡೇರೆ ಒಂದೇ, ಸಂಸಾರ ಬೇರೆ: ‘ಮ್ಯಾಶ್’ ಸಿನಿಮಾ ಮತ್ತು ಧಾರಾವಾಹಿಯ ನಂಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1970ರಲ್ಲಿ ತೆರೆಕಂಡ ಅಮೆರಿಕದ ಹಾಸ್ಯಚಿತ್ರ ಒಂದು. ಅದರ ಬೆನ್ನಿಗೇ ಬಂದು 11 ವರ್ಷ ಓಡಿದ ಹಾಸ್ಯ ಧಾರಾವಾಹಿ ಇನ್ನೊಂದು. ಎರಡರ ಹೆಸರೂ ‘ಮ್ಯಾಶ್’. ಒಂದನ್ನು ಮೆಚ್ಚಿದವರು ಅದೇ ನಿರೀಕ್ಷೆಯಲ್ಲಿ ಇನ್ನೊಂದನ್ನು ನೋಡಲು ಕುಳಿತು ತಬ್ಬಿಬ್ಬಾಗುವುದು ಮಾಮೂಲು. ನಾನೂ ಹಾಗೆ ತಬ್ಬಿಬ್ಬಾದವನೇ. ಧಾರಾವಾಹಿಯನ್ನು ಮೊದಲು ನೋಡಿ, ಆ ಅಕ್ಕರೆಯಲ್ಲೇ ಚಿತ್ರಕ್ಕೆ ಹೋದೆ. ಅರ್ಧ ಗಂಟೆಯೊಳಗೆ ಪೆಚ್ಚಾದೆ.

‘ಮ್ಯಾಶ್’ ಎಂದರೆ ಏನು?

ಮೊಬೈಲ್ ಆರ್ಮಿ ಸರ್ಜಿಕಲ್ ಹಾಸ್ಪಿಟಲ್ ಎಂಬುದರ ಮೊದಲಕ್ಷರಗಳು. ಯುದ್ಧರಂಗದ ಬೆನ್ನಿಗೇ ಡೇರೆ ಹಾಕಿಕೊಂಡು, ರಂಗ ಸರಿದಂತೆ ತಾನೂ ಗಂಟುಮೂಟೆ ಕಟ್ಟುವ ಸೇನಾ ಶಸ್ತ್ರಚಿಕಿತ್ಸಾಲಯ. ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರ್‌ನಲ್ಲಿ ನೇರವಾಗಿ ಇಲ್ಲಿಗೆ ತರುತ್ತಿದ್ದರು. ಚಿತ್ರದ ಶುರುವಿನಲ್ಲೂ ಧಾರಾವಾಹಿಯ ಪ್ರತಿ ಕಂತಿನ ಶುರುವಿನಲ್ಲೂ ಗಾಜಿನ ಗುಳ್ಳೆಯಂಥ ಮೂತಿಯ ಹೆಲಿಕಾಪ್ಟರ್‌ಗಳು ಹಾರಿ ಬರುವುದು ಈ ಕಾರಣಕ್ಕೆ.

ಕಥೆ ಮೊದಲು ಹುಟ್ಟಿದ್ದು ಎಲ್ಲಿ?

ಚಿತ್ರದಲ್ಲೂ ಅಲ್ಲ, ಧಾರಾವಾಹಿಯಲ್ಲೂ ಅಲ್ಲ. 1968ರಲ್ಲಿ ರಿಚರ್ಡ್ ಹೂಕರ್ ಎಂಬ ಹೆಸರಿನಲ್ಲಿ ಒಂದು ಕಾದಂಬರಿ ಪ್ರಕಟವಾಯಿತು. ಅದು ಕಾವ್ಯನಾಮ. ಅದರ ಹಿಂದಿದ್ದವರು ಕೊರಿಯಾದ 8055ನೇ ಘಟಕದಲ್ಲಿ ನಿಜವಾಗಿಯೂ ಶಸ್ತ್ರವೈದ್ಯರಾಗಿ ದುಡಿದಿದ್ದ ರಿಚರ್ಡ್ ಹಾರ್ನ್‌ಬರ್ಗರ್. ಬರವಣಿಗೆಗೆ ಕೈಜೋಡಿಸಿದವರು ಪತ್ರಕರ್ತ ಡಬ್ಲ್ಯು. ಸಿ. ಹೈನ್ಜ್. ಪುಸ್ತಕದಲ್ಲಿ ಘಟಕದ ಸಂಖ್ಯೆ 4077 ಆಯಿತು. ಚಿತ್ರವೂ ಧಾರಾವಾಹಿಯೂ ಅದನ್ನೇ ಉಳಿಸಿಕೊಂಡವು.

ಪುಸ್ತಕವನ್ನು ಚಿತ್ರಕಥೆಯಾಗಿಸಿದವರು ರಿಂಗ್ ಲಾರ್ಡ್ನರ್ ಜೂನಿಯರ್. ಕಮ್ಯುನಿಸ್ಟ್ ನಂಟಿನ ವಿಚಾರಣೆಯಲ್ಲಿ ಬಾಯಿ ಬಿಡಲೊಪ್ಪದೆ ಜೈಲಿಗೆ ಹೋಗಿ, ವರ್ಷಗಟ್ಟಲೆ ಹಾಲಿವುಡ್ಡಿನ ಬಹಿಷ್ಕಾರ ಉಂಡವರು. ಈ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು. ಐದು ವಿಭಾಗಗಳಲ್ಲಿ ನಾಮನಿರ್ದೇಶನಗೊಂಡಿದ್ದ ಚಿತ್ರಕ್ಕೆ ದಕ್ಕಿದ ಒಂದೇ ಆಸ್ಕರ್ ಅದು. ಕಾನ್ ಚಿತ್ರೋತ್ಸವದ ಅಗ್ರ ಪ್ರಶಸ್ತಿ ಬೇರೆ.

ಧಾರಾವಾಹಿ ಚಿತ್ರದ ಮುಂದುವರಿದ ಭಾಗವೇ?

ಅಲ್ಲ. ಚಿತ್ರದ ಕೊನೆಯಲ್ಲಿ ಶಿಬಿರದ ಶಸ್ತ್ರವೈದ್ಯರಾದ ಹಾಕ್‌ಐ ಮತ್ತು ಡ್ಯೂಕ್ ಊರಿಗೆ ಹೊರಟು ಹೋಗುತ್ತಾರೆ. 1972ರ ಸೆಪ್ಟೆಂಬರ್ 17ರಂದು ಸಿಬಿಎಸ್ ವಾಹಿನಿಯಲ್ಲಿ ಶುರುವಾದ ಧಾರಾವಾಹಿ ಅಲ್ಲಿಂದ ಎಳೆ ಹಿಡಿಯುವುದಿಲ್ಲ. ಅದೇ ಡೇರೆಗಳ ನಡುವೆ, ಅದೇ ಹೆಸರುಗಳನ್ನಿಟ್ಟುಕೊಂಡು, ಮತ್ತೆ ಮೊದಲಿನಿಂದ ಹೇಳಲು ಕೂರುತ್ತದೆ. ಧಾರಾವಾಹಿಯನ್ನು ರೂಪಿಸಿದವರು ಲೇಖಕ ಲ್ಯಾರಿ ಗೆಲ್ಬಾರ್ಟ್ ಮತ್ತು ನಿರ್ಮಾಪಕ ಜೀನ್ ರೆನಾಲ್ಡ್ಸ್. ಚಿತ್ರದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಅವರಿಗೆ ಇದರಲ್ಲಿ ಪಾತ್ರವೇ ಇರಲಿಲ್ಲ.

ಮೊದಲ ಕೆಲವು ತಿಂಗಳ ಕಂತುಗಳು ಮಾತ್ರ ಚಿತ್ರದ ಬಟ್ಟೆಯನ್ನೇ ತೊಟ್ಟಿವೆ. ಡೇರೆಯಲ್ಲಿ ಕೆಲಸಕ್ಕಿರುವ ಕೊರಿಯಾದ ಹುಡುಗ ಹೋ-ಜಾನ್‌ನನ್ನು ಅಮೆರಿಕದ ಕಾಲೇಜಿಗೆ ಕಳಿಸಲು ವೈದ್ಯರು ಲಾಟರಿ ಎತ್ತಿ ದುಡ್ಡು ಕೂಡಿಸುವುದು ಮೊದಲ ಕಂತಿನ ಕಥೆ. ಹುಡುಗನನ್ನು ಓದಲು ಕಳಿಸುವ ಎಳೆ ಕಾದಂಬರಿಯದು. ಚಿತ್ರದಲ್ಲಾದರೋ ಅದೇ ಹುಡುಗನನ್ನು ಸೇನಾ ಭರ್ತಿಯವರು ಎಳೆದುಕೊಳ್ಳುತ್ತಾರೆ. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಬಂದೂಕು. ಎರಡರ ಸ್ವಭಾವ ಎಲ್ಲಿ ಕವಲೊಡೆಯುತ್ತದೆ ಎಂಬುದು ಇಲ್ಲಿಯೇ ಗೊತ್ತಾಗಿಬಿಡುತ್ತದೆ.

ಎರಡರಲ್ಲೂ ನಟಿಸಿದವರು ಯಾರಾದರೂ ಇದ್ದಾರೆಯೇ?

ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರೇ: ಶಿಬಿರದ ಗುಮಾಸ್ತ ರೇಡಾರ್ ಓ’ರೈಲಿಯ ಪಾತ್ರದ ಗ್ಯಾರಿ ಬರ್ಗಾಫ್. ಜನರಲ್ ಹ್ಯಾಮಂಡ್ ಆಗಿದ್ದ ಜಿ. ವುಡ್ ಮೊದಲ ಸೀಸನ್‌ನ ಕೆಲವು ಕಂತುಗಳಲ್ಲಿ ಅದೇ ಪಾತ್ರದಲ್ಲಿ ಬಂದು ಹೋದರು. ತಿಮೊಥಿ ಬ್ರೌನ್ ಅವರದು ವಿಚಿತ್ರ ಬಡ್ತಿ: ಚಿತ್ರದಲ್ಲಿ ಬರೀ ಕಾರ್ಪೊರಲ್, ಧಾರಾವಾಹಿಯ ಆರಂಭದಲ್ಲಿ ಶಸ್ತ್ರವೈದ್ಯ ಜೋನ್ಸ್. ಚಿತ್ರದಲ್ಲಿ ಆ ವೈದ್ಯನಾಗಿದ್ದವರು ಫ್ರೆಡ್ ವಿಲಿಯಮ್ಸನ್.

ಬರ್ಗಾಫ್ ಅವರ ಎರಡು ರೇಡಾರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸೊಗಸು. ಮೇಲಧಿಕಾರಿ ಆಜ್ಞೆ ಹೇಳುತ್ತಿರುವಾಗಲೇ ಅದೇ ಆಜ್ಞೆಯನ್ನು ಅವರ ಬಾಯಿಂದ ಕಸಿದುಕೊಂಡವನಂತೆ ಒಪ್ಪಿಸುವ ಚಾಳಿ ಇಬ್ಬರಿಗೂ ಇದೆ. ಆದರೆ ಚಿತ್ರದ ರೇಡಾರ್ ಕಣ್ಣಲ್ಲಿ ಒಂದು ಕಿಲಾಡಿತನವಿದೆ, ನಾಲ್ಕು ಕಾಸು ಅತ್ತಿತ್ತ ಮಾಡಬಲ್ಲವನೆಂಬ ಗುಮಾನಿ ಹುಟ್ಟಿಸುತ್ತಾನೆ. ಧಾರಾವಾಹಿಯವನು ಅಯೋವಾದ ಹೊಲಮನೆಯಿಂದ ಬಂದ ಮುಗ್ಧ. ಮಲಗುವಾಗ ಆಟಿಕೆ ಕರಡಿ ಬೇಕು. ನಟ ಒಬ್ಬನೇ, ಕನ್ನಡಕವೂ ಅಂಥದ್ದೇ, ಹುಡುಗ ಮಾತ್ರ ಬೇರೆ. ಬರ್ಗಾಫ್ 1979ರಲ್ಲಿ ಧಾರಾವಾಹಿ ಬಿಟ್ಟರು.

ಹಾಕ್‌ಐ ಪಿಯರ್ಸ್ ಎರಡರಲ್ಲೂ ಒಬ್ಬನೇನಾ?

ಹೆಸರು ಒಂದೇ. ಚಿತ್ರದಲ್ಲಿ ಡೊನಾಲ್ಡ್ ಸದರ್ಲೆಂಡ್ ಅವರ ಹಾಕ್‌ಐ ಶಿಳ್ಳೆ ಹಾಕುತ್ತ ಅಲೆಯುವ, ಯಾವುದಕ್ಕೂ ಬಿಸಿಯಾಗದ ಆಸಾಮಿ. ಯುದ್ಧ ತಪ್ಪೆಂದು ಭಾಷಣ ಮಾಡುವುದಿಲ್ಲ. ರಕ್ತದಲ್ಲಿ ಕೈಯಿಟ್ಟುಕೊಂಡೇ ತಮಾಷೆ ಮಾಡುತ್ತಾನೆ, ಆ ತಮಾಷೆ ಕೆಲವೊಮ್ಮೆ ಕ್ರೂರ. ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ. ಅಲನ್ ಆಲ್ಡಾ ಅವರ ಹಾಕ್‌ಐ ಅವಿವಾಹಿತ, ವಾಚಾಳಿ, ಮತ್ತು ಕಾಲ ಕಳೆದಂತೆ ಧಾರಾವಾಹಿಯ ಆತ್ಮಸಾಕ್ಷಿ. ಈ ಕೊನೆಯದು ಕೆಲವರಿಗೆ ಹಿಡಿಸದು. ಏಳನೆಯ, ಎಂಟನೆಯ ಸೀಸನ್ ಹೊತ್ತಿಗೆ ಅವನ ಉಪದೇಶ ತುಸು ಹೆಚ್ಚಾಯಿತು ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ.

ಆದರೂ ಆಲ್ಡಾ ಈ ಪಾತ್ರವನ್ನು ಪೂರ್ತಿ ತಮ್ಮದಾಗಿಸಿಕೊಂಡರು ಎಂಬುದರಲ್ಲಿ ಎರಡು ಮಾತಿಲ್ಲ. ಒಂದೂ ಕಂತು ಬಿಡದೆ ನಟಿಸಿದರು, ಬರೆದರು, ನಿರ್ದೇಶಿಸಿದರು. ಮೂರಕ್ಕೂ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಪಡೆದರು.

ಚಿತ್ರದ ಡ್ಯೂಕ್ ಫಾರೆಸ್ಟ್ ಧಾರಾವಾಹಿಯಲ್ಲಿ ಎಲ್ಲಿ ಹೋದ?

ಎಲ್ಲಿಗೂ ಹೋಗಲಿಲ್ಲ, ಬರಲೇ ಇಲ್ಲ. ಚಿತ್ರದಲ್ಲಿ ಹಾಕ್‌ಐ, ಟ್ರ್ಯಾಪರ್, ಡ್ಯೂಕ್ ಮೂವರದು ಗುಂಪು. ಟಾಮ್ ಸ್ಕೆರಿಟ್ ಮಾಡಿದ್ದ ಡ್ಯೂಕ್‌ನನ್ನು ಧಾರಾವಾಹಿ ಕೈಬಿಟ್ಟು ಜೋಡಿಗೆ ಇಳಿಸಿತು. ಟ್ರ್ಯಾಪರ್ ಕೂಡ ಸೊರಗಿದ. ಚಿತ್ರದಲ್ಲಿ ಎಲಿಯಟ್ ಗೂಲ್ಡ್ ಅವರ ಟ್ರ್ಯಾಪರ್ ಹಾಕ್‌ಐಗೆ ಸರಿಸಮ, ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲರಿಗಿಂತ ನಿಪುಣ. ಧಾರಾವಾಹಿಯಲ್ಲಿ ಅವನು ಮೆಲ್ಲಗೆ ನಾಯಕನ ಗೆಳೆಯನ ಮಟ್ಟಕ್ಕೆ ಇಳಿದ. ಆ ಪಾತ್ರದ ವೇಯ್ನ್ ರೋಜರ್ಸ್ ಮೂರನೆಯ ಸೀಸನ್ ಮುಗಿದ ಮೇಲೆ ಹೊರನಡೆದರು, ಆ ಜಾಗಕ್ಕೆ ಮೈಕ್ ಫ್ಯಾರೆಲ್ ಅವರ ಬಿ. ಜೆ. ಹನಿಕಟ್ ಬಂದ.

ಹೂಲಿಹಾನ್ ಪಾತ್ರವನ್ನು ಎರಡೂ ಕಡೆ ಒಂದೇ ರೀತಿ ನೋಡಲಾಗಿದೆಯೇ?

ಎಳ್ಳಷ್ಟೂ ಇಲ್ಲ. ಚಿತ್ರ ಮತ್ತು ಧಾರಾವಾಹಿಯ ನಂಟನ್ನು ಅರಿಯಲು ಒಂದೇ ಪಾತ್ರ ಸಾಕೆಂದರೆ ನಾನು ಇವಳನ್ನು ಆರಿಸುತ್ತೇನೆ.

ಚಿತ್ರದಲ್ಲಿ ಮುಖ್ಯ ನರ್ಸ್ ಮೇಜರ್ ಹೂಲಿಹಾನ್ (ಸ್ಯಾಲಿ ಕೆಲ್ಲರ್‌ಮನ್) ಶಿಸ್ತಿನವಳು, ಆದ್ದರಿಂದಲೇ ಬೇಟೆ. ಅವಳ ಖಾಸಗಿ ಸರಸವನ್ನು ಮೈಕ್ ಇಟ್ಟು ಧ್ವನಿವರ್ಧಕದಲ್ಲಿ ಶಿಬಿರಕ್ಕೆಲ್ಲ ಕೇಳಿಸುತ್ತಾರೆ. ‘ಹಾಟ್ ಲಿಪ್ಸ್’ ಎಂಬ ಅಡ್ಡಹೆಸರು ಅಂಟುವುದು ಅಲ್ಲಿ. ಆಮೇಲೆ ಸ್ನಾನದ ದೃಶ್ಯ. ಅವಳ ತಲೆಗೂದಲ ಬಣ್ಣ ಅಸಲಿಯೋ ನಕಲಿಯೋ ಎಂದು ಗಂಡಸರು ಪಂದ್ಯ ಕಟ್ಟುತ್ತಾರೆ. ಸ್ನಾನದ ಡೇರೆಯ ಎದುರು ಕುರ್ಚಿ ಹಾಕಿಕೊಂಡು, ನಾಟಕಕ್ಕೆ ಬಂದವರಂತೆ ಕೂರುತ್ತಾರೆ. ಹಗ್ಗ ಎಳೆದೊಡನೆ ಡೇರೆಯ ಪಕ್ಕ ಪರದೆಯಂತೆ ಮೇಲೇಳುತ್ತದೆ, ಅವಳು ನೆಲಕ್ಕೆ ಬೀಳುತ್ತಾಳೆ, ಚಪ್ಪಾಳೆ. ಅಳುತ್ತ, ಕಿರುಚುತ್ತ ಅವಳು ಶಿಬಿರದ ಮುಖ್ಯಸ್ಥ ಕರ್ನಲ್ ಬ್ಲೇಕ್ ಡೇರೆಗೆ ನುಗ್ಗಿ, ಇದು ಆಸ್ಪತ್ರೆಯಲ್ಲ ಹುಚ್ಚಾಸ್ಪತ್ರೆ ಎಂದು ಕೂಗಿ, ರಾಜೀನಾಮೆ ಕೊಡುತ್ತೇನೆ ಎನ್ನುತ್ತಾಳೆ. ನರ್ಸ್ ಒಬ್ಬಳ ಜೊತೆ ಹಾಸಿಗೆಯಲ್ಲಿರುವ ಬ್ಲೇಕ್, ಕೊಡು ಹೋಗು ಎಂದುಬಿಡುತ್ತಾನೆ. ಕೆಲ್ಲರ್‌ಮನ್ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದದ್ದು ನ್ಯಾಯವೇ. ಆ ಕಿರುಚಾಟದಲ್ಲಿ ಅವಮಾನ ಎಷ್ಟು ನಿಜವಾಗಿದೆಯೆಂದರೆ, ನಗಲು ಬಂದ ನಮಗೆ ನಗು ಗಂಟಲಲ್ಲೇ ನಿಲ್ಲುತ್ತದೆ. ಚಿತ್ರ ಮಾತ್ರ ನಗುತ್ತಲೇ ಮುಂದೆ ಹೋಗುತ್ತದೆ. ಚಿತ್ರವನ್ನು ಎಷ್ಟೇ ಮೆಚ್ಚಿದರೂ ಇದು ಅದರ ಮೈಮೇಲಿನ ಕಲೆ ಎಂದೇ ನನ್ನ ಅಭಿಪ್ರಾಯ.

ಧಾರಾವಾಹಿಯಲ್ಲಿ ಲೊರೆಟ್ಟಾ ಸ್ವಿಟ್ ಕೂಡ ಗೇಲಿಗೊಳಗಾಗುವ ‘ಹಾಟ್ ಲಿಪ್ಸ್’ ಆಗಿಯೇ ಶುರುಮಾಡಿದರು. ಆದರೆ ಐದನೆಯ ಸೀಸನ್‌ನ ‘ದಿ ನರ್ಸಸ್’ ಕಂತನ್ನು ನೋಡಿ. ಕೈಕೆಳಗಿನ ನರ್ಸ್‌ಗಳ ಎದುರು ಅವಳ ಬಿಗುಮಾನ ಒಡೆಯುತ್ತದೆ: ಒಂದು ಕಪ್ ಕಾಫಿಗಾದರೂ ನನ್ನನ್ನು ಯಾರಾದರೂ ಕರೆದಿದ್ದೀರಾ ಎಂಬರ್ಥದ ಮಾತು ಬಾಯಿಂದ ಬೀಳುತ್ತದೆ. ಅಲ್ಲಿಂದ ಮುಂದೆ ಅಡ್ಡಹೆಸರು ತೆಳ್ಳಗಾಗಿ, ಬರೀ ಮಾರ್ಗರೆಟ್ ಉಳಿಯುತ್ತಾಳೆ. ಚಿತ್ರ ಮಾಡಿದ ಸಾಲವನ್ನು ಧಾರಾವಾಹಿ ಕಂತುಕಂತಾಗಿ ತೀರಿಸಿತು ಎನ್ನಬಹುದು. ಸ್ವಿಟ್ ಅವರಿಗೆ ಎರಡು ಎಮ್ಮಿ ಬಂದವು.

ಹೆಂಗಸರ ಉಡುಪು ತೊಡುವ ಕ್ಲಿಂಗರ್ ಚಿತ್ರದಲ್ಲಿ ಏಕಿಲ್ಲ?

ಅವನು ಗೆಲ್ಬಾರ್ಟ್ ಅವರ ಸೃಷ್ಟಿ. ಹುಚ್ಚನೆಂದು ಷರಾ ಬರೆಸಿಕೊಂಡು ಸೇನೆಯಿಂದ ಪಾರಾಗುವುದು ಅವನ ಹಂಚಿಕೆ. ಒಂದು ದಿನದ ಕೆಲಸಕ್ಕೆಂದು ಬಂದ ಜೇಮಿ ಫಾರ್ ಕೊನೆಯ ಕಂತಿನವರೆಗೂ ಉಳಿದರು. ಅವರು ಸೈನಿಕರಾಗಿ ಕೊರಿಯಾದಲ್ಲಿ ನಿಜವಾಗಿಯೂ ಇದ್ದು ಬಂದವರು. ಕೊರಳಲ್ಲಿ ಕಾಣುವ ಗುರುತುಬಿಲ್ಲೆಗಳೂ ಅವರ ಸ್ವಂತದವು.

ಎರಡರಲ್ಲೂ ಕೇಳುವ ಆ ರಾಗ ಯಾವುದು? ಅದಕ್ಕೆ ಸಾಹಿತ್ಯವಿದೆಯೇ?

ಇದೆ, ಮತ್ತು ಅದರ ಹಿಂದೆ ಒಳ್ಳೆಯ ಕಥೆಯೂ ಇದೆ. ಚಿತ್ರದಲ್ಲಿ ದಂತವೈದ್ಯನೊಬ್ಬ ಸಾಯಲು ತೀರ್ಮಾನಿಸುತ್ತಾನೆ. ಗೆಳೆಯರು ಅವನಿಗೆ ಔತಣವಿಟ್ಟು ಬೀಳ್ಕೊಡುತ್ತಾರೆ. ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ದ ಭಂಗಿಯಲ್ಲೇ ಎಲ್ಲರೂ ಸಾಲಾಗಿ ಕೂತಿರುತ್ತಾರೆ. ಆಗ ಹಾಡಲು ಆಲ್ಟ್‌ಮನ್‌ಗೆ ಜಗತ್ತಿನ ಅತಿ ಪೆದ್ದು ಹಾಡು ಬೇಕಿತ್ತು. ತಾವೇ ಕೂತು ಬರೆಯಲು ನೋಡಿದರು, ಅಷ್ಟು ಪೆದ್ದಾಗಿ ಬರೆಯಲು ಬರಲಿಲ್ಲ. ಕೊನೆಗೆ 14ರ ಹರೆಯದ ಮಗ ಮೈಕ್‌ಗೆ ಒಪ್ಪಿಸಿದರು. ಜಾನಿ ಮ್ಯಾಂಡೆಲ್ ರಾಗ ಹಾಕಿದರು. ಹಾಡು ‘ಸೂಸೈಡ್ ಈಸ್ ಪೇನ್‌ಲೆಸ್’.

ಆತ್ಮಹತ್ಯೆಯ ಮಾತುಗಳನ್ನು ವಾರವಾರ ಮನೆಮನೆಗೆ ಕೇಳಿಸುವಂತಿಲ್ಲವಲ್ಲ. ಧಾರಾವಾಹಿ ಸಾಹಿತ್ಯವನ್ನು ಬಿಟ್ಟು ವಾದ್ಯದ ರಾಗವನ್ನಷ್ಟೇ ಇಟ್ಟುಕೊಂಡಿತು. ಆದರೂ ಮಗನ ರಾಯಧನ ನಿಲ್ಲಲಿಲ್ಲ. ನಿರ್ದೇಶನಕ್ಕೆ ತಮಗೆ ಸಿಕ್ಕಿದ್ದು 70,000 ಡಾಲರ್, ಹಾಡು ಬರೆದ ಮಗ ಗಳಿಸಿದ್ದು ಹತ್ತು ಲಕ್ಷ ಡಾಲರ್‌ಗೂ ಮಿಕ್ಕಿ ಎಂದು ಆಲ್ಟ್‌ಮನ್ ಮುಂದೆ ಹೇಳಿಕೊಂಡು ನಗುತ್ತಿದ್ದರು.

ಶಿಬಿರದ ಹಿಂದಿನ ಬೆಟ್ಟಗಳು ಎರಡರಲ್ಲೂ ಒಂದೇ ತರಹ ಕಾಣುತ್ತವೆ. ನನ್ನ ಭ್ರಮೆಯೇ?

ಭ್ರಮೆಯಲ್ಲ. ಎರಡೂ ಕ್ಯಾಲಿಫೋರ್ನಿಯಾದ ಮಾಲಿಬು ಬಳಿ, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಒಡೆತನದಲ್ಲಿದ್ದ ಜಾಗದಲ್ಲೇ ಚಿತ್ರಿತವಾದವು. ಈಗ ಅದು ಮಾಲಿಬು ಕ್ರೀಕ್ ಸ್ಟೇಟ್ ಪಾರ್ಕ್. ಧಾರಾವಾಹಿಯ ಒಳಾಂಗಣ ಮತ್ತು ಎಷ್ಟೋ ಹೊರಾಂಗಣ ದೃಶ್ಯಗಳು ಸ್ಟುಡಿಯೋದ 9ನೇ ಸ್ಟೇಜಿನಲ್ಲಿ ನಡೆದವು. 1982ರ ಕಾಡ್ಗಿಚ್ಚಿಗೆ ಹೊರಗಿನ ಸೆಟ್ ಬಹುತೇಕ ಸುಟ್ಟುಹೋಯಿತು. ಆಗ ಕೊನೆಯ ಕಂತಿನ ಕೆಲಸ ನಡೆಯುತ್ತಿತ್ತು. ಕಥೆಯೊಳಗೇ ಬೆಂಕಿಯನ್ನು ತಂದು, ಶಿಬಿರ ಜಾಗ ಖಾಲಿ ಮಾಡುವಂತೆ ಬರೆದುಕೊಂಡರು. ನಿಜವಾದ ಮ್ಯಾಶ್ ಘಟಕಗಳ ಪಾಡೂ ಅದೇ ತಾನೇ.

ಇದು ಕೊರಿಯಾದ ಕಥೆಯೋ, ವಿಯೆಟ್ನಾಂನದ್ದೋ?

ಕಾಗದದ ಮೇಲೆ ಕೊರಿಯಾ. ಚಿತ್ರ ತೆರೆಕಂಡಾಗ ಅಮೆರಿಕದ ಹುಡುಗರು ಸಾಯುತ್ತಿದ್ದದ್ದು ವಿಯೆಟ್ನಾಂನಲ್ಲಿ, ಮತ್ತು ಪ್ರೇಕ್ಷಕರು ಎರಡನ್ನೂ ಬೆರೆಸಿಕೊಳ್ಳಲಿ ಎಂದೇ ಆಲ್ಟ್‌ಮನ್ ಕೊರಿಯಾದ ಸುಳಿವುಗಳನ್ನು ಆದಷ್ಟು ಒರೆಸಿಹಾಕಿದ್ದರು. ಸ್ಟುಡಿಯೋದವರು ಹೆದರಿ, ಚಿತ್ರದ ಮೊದಲಿಗೆ ಕೊರಿಯಾ ಎಂದು ಬರೆಸಿದರು. ಅದೇ ಸ್ಟುಡಿಯೋ ಆಗ ‘ಪ್ಯಾಟನ್’ ಮತ್ತು ‘ಟೋರಾ! ಟೋರಾ! ಟೋರಾ!’ ಎಂಬ ಭಾರೀ ಯುದ್ಧಚಿತ್ರಗಳಲ್ಲಿ ಮುಳುಗಿತ್ತು. ಕಡಿಮೆ ಖರ್ಚಿನ ಈ ಚಿತ್ರ ಕಣ್ಣಿಗೆ ಬೀಳದಂತೆ ಆಲ್ಟ್‌ಮನ್ ತಮ್ಮ ಪಾಡಿಗೆ ಕೆಲಸ ಮುಗಿಸಿದರು. ಸೇನಾನಾಯಕನನ್ನು ವೈಭವೀಕರಿಸಿದ ‘ಪ್ಯಾಟನ್’, ಸೇನೆಯನ್ನೇ ಲೇವಡಿ ಮಾಡಿದ ‘ಮ್ಯಾಶ್’ ಎರಡೂ ಒಂದೇ ಮನೆಯಿಂದ ಆಸ್ಕರ್‌ಗೆ ಎದುರುಬದುರಾಗಿ ನಿಂತವು. ಅತ್ಯುತ್ತಮ ಚಿತ್ರವಾಗಿ ‘ಪ್ಯಾಟನ್’ ಗೆದ್ದಿತು.

ಧಾರಾವಾಹಿಯ ಮೊದಲ ಕಂತು ಇದನ್ನು ಜಾಣತನದಿಂದ ದಾಟಿತು: ಕೊರಿಯಾ, 1950, ನೂರು ವರ್ಷಗಳ ಹಿಂದೆ ಎಂಬ ಅಕ್ಷರಗಳು ತೆರೆಯ ಮೇಲೆ ಮೂಡುತ್ತವೆ.

ಮೂರು ವರ್ಷದ ಯುದ್ಧ ಹನ್ನೊಂದು ವರ್ಷ ಹೇಗೆ ನಡೆಯಿತು?

ಕೊರಿಯಾ ಯುದ್ಧ 1950ರ ಜೂನ್ 25ರಿಂದ 1953ರ ಜುಲೈ 27ರವರೆಗೆ. ಧಾರಾವಾಹಿ 11 ಸೀಸನ್. ಇದರಲ್ಲಿ ಲೆಕ್ಕ ಹುಡುಕಬೇಡಿ. ಎಷ್ಟು ಕ್ರಿಸ್ಮಸ್ ಆಯಿತೆಂದು ಎಣಿಸಿದವರಿದ್ದಾರೆ, ಅವರಿಗೆ ನೆಮ್ಮದಿ ಸಿಕ್ಕಿಲ್ಲ.

ಧಾರಾವಾಹಿಯಲ್ಲಿ ಕೇಳುವ ಪ್ರೇಕ್ಷಕರ ನಗು ನಿಜವೇ? ಕೆಲವೊಮ್ಮೆ ಅದು ಮಾಯವಾಗುವುದೇಕೆ?

ಮೊದಲೇ ಧ್ವನಿಮುದ್ರಿಸಿಟ್ಟ ನಗು. ಚಿತ್ರದಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಯಾವುದಕ್ಕೆ ನಗಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಧಾರಾವಾಹಿಗೂ ಅದು ಬೇಡವೆಂದೇ ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ವಾದಿಸಿದರು. ಹಾಸ್ಯ ಧಾರಾವಾಹಿ ಎಂದಮೇಲೆ ನಗು ಬೇಕೇ ಬೇಕು ಎಂದಿತು ವಾಹಿನಿ. ಕೊನೆಗೆ ಆದ ರಾಜಿ: ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ನಗು ಹಾಕಕೂಡದು. ಹೀಗಾಗಿ ಡೇರೆಯಲ್ಲಿ ಜೋಕಿಗೆ ನಗುವ ಅದೃಶ್ಯ ಜನ, ಮೇಜಿನ ಮೇಲೆ ಗಾಯಾಳು ಬಂದೊಡನೆ ಮೌನಿಗಳಾಗುತ್ತಾರೆ. ಚಿತ್ರದ ಗುಣ ಧಾರಾವಾಹಿಯಲ್ಲಿ ಅತಿ ಹೆಚ್ಚು ಉಳಿದಿರುವುದು ಆ ಕೋಣೆಯಲ್ಲೇ. ಬ್ರಿಟನ್ನಿನಲ್ಲಿ ಬಿಬಿಸಿ ಈ ನಗುವನ್ನು ತೆಗೆದೇ ಪ್ರಸಾರ ಮಾಡಿತು. ಸಾಧ್ಯವಾದರೆ ಹಾಗೇ ನೋಡಿ.

ಹೆನ್ರಿ ಬ್ಲೇಕ್ ಚಿತ್ರದಲ್ಲೂ ಸಾಯುತ್ತಾನೆಯೇ?

ಇಲ್ಲ. ರೋಜರ್ ಬೋವೆನ್ ಮಾಡಿದ ಚಿತ್ರದ ಬ್ಲೇಕ್‌ಗೆ ಸಾವಿಲ್ಲ. ಧಾರಾವಾಹಿಯ ಬ್ಲೇಕ್ ಮೆಕ್ಲೀನ್ ಸ್ಟೀವನ್‌ಸನ್ ಮೂರನೆಯ ಸೀಸನ್ ಕೊನೆಗೆ ಹೊರಡುವವರಿದ್ದರು. ಪಾತ್ರವನ್ನು ಊರಿಗೆ ಕಳಿಸಿದ್ದರೆ ಸಾಕಿತ್ತು. ಕಳಿಸಿದರು ಕೂಡ: ಅಪ್ಪುಗೆ, ಕಣ್ಣೀರು, ಹೆಲಿಕಾಪ್ಟರ್. ನಟರ ಕೈಲಿದ್ದ ಚಿತ್ರಕಥೆ ಅಲ್ಲಿಗೆ ಮುಗಿದಿತ್ತು. ಕೊನೆಯ ಹಾಳೆಯನ್ನು ಗೆಲ್ಬಾರ್ಟ್ ಬಚ್ಚಿಟ್ಟು, ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಹೊರತೆಗೆದರು.

ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ರೇಡಾರ್ ಮುಖಕ್ಕೆ ಬಟ್ಟೆ ಕಟ್ಟದೆ ಒಳಬರುತ್ತಾನೆ, ಕಟ್ಟಿಕೋ ಎಂದು ಗದರುವ ದನಿ. ಅವನು ಕೈಯಲ್ಲಿನ ಸಂದೇಶವನ್ನು ಓದುತ್ತಾನೆ: ಬ್ಲೇಕ್ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಗಿದೆ, ಯಾರೂ ಉಳಿದಿಲ್ಲ. ಯಾರೂ ಏನೂ ಹೇಳುವುದಿಲ್ಲ. ಕೈಗಳು ಕೆಲಸ ಮುಂದುವರಿಸುತ್ತವೆ. ಆ ಮೌನದಲ್ಲಿ ಯಾವುದೋ ಶಸ್ತ್ರ ನೆಲಕ್ಕೆ ಬಿದ್ದು ಠಣ್ಣೆನ್ನುತ್ತದೆ. ಅದು ಯಾರೂ ಬರೆದದ್ದಲ್ಲ, ಕೈಜಾರಿ ಬಿದ್ದದ್ದು, ಹಾಗೇ ಇಟ್ಟುಕೊಂಡರು. 1975ರ ಮಾರ್ಚ್ 18ರಂದು ಇದು ಪ್ರಸಾರವಾದ ಮೇಲೆ ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಹಾಸ್ಯ ಧಾರಾವಾಹಿಯ ಅಚ್ಚುಮೆಚ್ಚಿನ ಪಾತ್ರ ಹೀಗೆ ಸಾಯುವುದು ಆಗ ಊಹೆಗೂ ಮೀರಿದ್ದು. ಸತ್ತವರಿಗಾಗಿ ಚಿತ್ರ ನಿಲ್ಲುತ್ತಿರಲಿಲ್ಲ, ಮುಂದಿನ ಚೇಷ್ಟೆಗೆ ಹಾರುತ್ತಿತ್ತು. ಧಾರಾವಾಹಿ ನಿಂತಿತು.

ಒಂದು ಕಾಕತಾಳೀಯ: ಇಬ್ಬರು ಬ್ಲೇಕ್‌ಗಳೂ 1996ರ ಫೆಬ್ರವರಿಯಲ್ಲಿ, ಒಂದು ದಿನದ ಅಂತರದಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ಚಿತ್ರದ ನಿರ್ದೇಶಕರಿಗೆ ಧಾರಾವಾಹಿ ಇಷ್ಟವಾಗಿತ್ತೇ?

ಕಂಡರಾಗುತ್ತಿರಲಿಲ್ಲ. ವಾರವಾರ ಏಷ್ಯಾದ ಯುದ್ಧವೊಂದನ್ನು ಮನೆಯ ಕೋಣೆಗೆ ತಂದು ಕೂರಿಸುವುದು, ಬಾಯಲ್ಲಿ ಎಷ್ಟೇ ಒಳ್ಳೆಯ ಮಾತಾಡಿದರೂ, ತಮ್ಮ ಚಿತ್ರದ ಉದ್ದೇಶಕ್ಕೆ ತದ್ವಿರುದ್ಧ ಎಂಬುದು ಆಲ್ಟ್‌ಮನ್ ವಾದ. ಮೂಲ ಕಾದಂಬರಿಕಾರ ಹಾರ್ನ್‌ಬರ್ಗರ್‌ಗೂ ಅದು ರುಚಿಸಲಿಲ್ಲ, ಕಾರಣ ಬೇರೆ: ಅವರು ರಾಜಕೀಯವಾಗಿ ಸಂಪ್ರದಾಯವಾದಿ, ಯುದ್ಧವಿರೋಧಿ ಹಾಕ್‌ಐ ತಮ್ಮವನಲ್ಲ ಎನ್ನಿಸಿತು. ಒಂದೇ ಧಾರಾವಾಹಿಯನ್ನು ಒಬ್ಬರು ಯುದ್ಧಕ್ಕೆ ಅನುಕೂಲವೆಂದು, ಇನ್ನೊಬ್ಬರು ಯುದ್ಧಕ್ಕೆ ವಿರೋಧಿಯೆಂದು ದೂರಿದರು. ಆಲ್ಟ್‌ಮನ್ ವಾದವನ್ನು ನಾನು ಒಪ್ಪುವುದಿಲ್ಲ, ಆದರೆ ತಳ್ಳಿಹಾಕುವುದೂ ಇಲ್ಲ. ಕೊರಿಯಾದ ಜನ ಧಾರಾವಾಹಿಯಲ್ಲಿ ಬಹಳ ಸಲ ಬರೀ ಹಿನ್ನೆಲೆಯೇ. ಚಿತ್ರದಲ್ಲೂ ಅಷ್ಟೇ ಎಂಬುದನ್ನು ಅವರು ಮರೆತರು.

ಅಂದಹಾಗೆ, ಚಿತ್ರೀಕರಣದ ಹೊತ್ತಿಗೆ ಸದರ್ಲೆಂಡ್ ಮತ್ತು ಗೂಲ್ಡ್ ಅವರಿಗೆ ಆಲ್ಟ್‌ಮನ್ ಅವರೇ ರುಚಿಸಿರಲಿಲ್ಲ. ಅವರನ್ನು ತೆಗೆಸಲು ಪ್ರಯತ್ನಿಸಿದ್ದರು. ಗೂಲ್ಡ್ ಆಮೇಲೆ ಕ್ಷಮೆ ಕೇಳಿದರು, ಆಲ್ಟ್‌ಮನ್ ಅವರ ಮುಂದಿನ ಚಿತ್ರಗಳಲ್ಲಿ ನಟಿಸಿದರು.

‘ಟ್ರ್ಯಾಪರ್ ಜಾನ್, ಎಂ.ಡಿ.’ ಯಾವುದರ ಕವಲು?

1979ರಿಂದ 1986ರವರೆಗೆ ಬಂದ ಈ ಧಾರಾವಾಹಿ ಕಾನೂನಿನ ಪ್ರಕಾರ ‘ಮ್ಯಾಶ್’ ಚಿತ್ರದ ಕವಲು, ‘ಮ್ಯಾಶ್’ ಧಾರಾವಾಹಿಯದಲ್ಲ. ಹಣದ ಹಕ್ಕಿನ ತಕರಾರು ನ್ಯಾಯಾಲಯಕ್ಕೆ ಹೋಗಿ ಹಾಗೆ ತೀರ್ಮಾನವಾಯಿತು. ಪೆರ್ನೆಲ್ ರಾಬರ್ಟ್ಸ್ ಇದರ ಟ್ರ್ಯಾಪರ್. ಧಾರಾವಾಹಿಯ ನೇರ ಕವಲು ‘ಆಫ್ಟರ್‌ಮ್ಯಾಶ್’. ಬಹಳ ಕಾಲ ಬಾಳಲಿಲ್ಲ.

ಯಾವುದನ್ನು ಮೊದಲು ನೋಡಲಿ?

ಚಿತ್ರವನ್ನು. ನನ್ನಂತೆ ತಿರುಗುಮುರುಗಾಗಿ ನೋಡಿದರೆ ಚಿತ್ರದ ಒರಟುತನಕ್ಕೆ ಅನ್ಯಾಯವಾಗುತ್ತದೆ. ಕೊನೆಯ ಫುಟ್‌ಬಾಲ್ ಪಂದ್ಯ ಉದ್ದವೆನಿಸಿದರೂ ಎದ್ದು ಹೋಗಬೇಡಿ: ಶಿಬಿರದ ಧ್ವನಿವರ್ಧಕವೇ ‘ಇಂದಿನ ಚಿತ್ರ ಮ್ಯಾಶ್’ ಎಂದು ಘೋಷಿಸಿ ನಟರ ಹೆಸರು ಓದುವುದನ್ನು ಕೇಳಿಯೇ ಏಳಿ.

ಆಮೇಲೆ ಧಾರಾವಾಹಿ. ಮೊದಲ ಸೀಸನ್ನನ್ನು ಅವಸರದಲ್ಲಿ ದಾಟಿದರೂ ಅಡ್ಡಿಯಿಲ್ಲ, ‘ಸಮ್‌ಟೈಮ್ಸ್ ಯು ಹಿಯರ್ ದ ಬುಲೆಟ್’ ಒಂದನ್ನು ಮಾತ್ರ ಬಿಡಬೇಡಿ. ಹಾಕ್‌ಐಯ ಗೆಳೆಯನೊಬ್ಬ ಅವನ ಮೇಜಿನ ಮೇಲೆಯೇ ಸಾಯುತ್ತಾನೆ. ನಾಲ್ಕನೆಯ ಸೀಸನ್‌ನ ಕಪ್ಪುಬಿಳುಪಿನ ‘ದಿ ಇಂಟರ್‌ವ್ಯೂ’ ಇನ್ನೊಂದು. ಕೊನೆಯದಾಗಿ ಎರಡೂವರೆ ಗಂಟೆಯ ‘ಗುಡ್‌ಬೈ, ಫೇರ್‌ವೆಲ್ ಆ್ಯಂಡ್ ಅಮೆನ್’. 1983ರ ಫೆಬ್ರವರಿ 28ರ ರಾತ್ರಿ ಅದನ್ನು ನೋಡಿದವರು ಸುಮಾರು 10 ಕೋಟಿ 60 ಲಕ್ಷ ಜನ. ಅದರಲ್ಲಿ ಬಸ್ಸಿನ ದೃಶ್ಯವೊಂದಿದೆ, ಹಾಕ್‌ಐ ಮತ್ತೆ ಮತ್ತೆ ನೆನಪಿಸಿಕೊಳ್ಳುವ ಒಂದು ಕೋಳಿಯೂ ಇದೆ. ಅದರ ಬಗ್ಗೆ ಯಾರಾದರೂ ಮೊದಲೇ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.